ಮಾವ ಕಳ್ಳನನ್ನು ಹಿಡಿದ ರಾತ್ರಿ

ನಮ್ಮ ಮನೆಯಲ್ಲಿ ನೆಂಟರು ಸೇರಿ, ಊಟ ಮುಗಿದು, ಎಲೆಅಡಿಕೆ ತಟ್ಟೆ ನಡುವೆ ಬಂತೆಂದರೆ ಮಾವ ಕಳ್ಳನನ್ನು ಹಿಡಿದ ಕಥೆ ಶುರುವಾಯಿತೆಂದೇ ಲೆಕ್ಕ.

1980ರ ದಶಕದ ಒಂದು ಬೇಸಿಗೆ. ಬನಶಂಕರಿಯ ನಮ್ಮ ಬಡಾವಣೆಗೆ ಆಟೋದವರು ಮುಖ ಸಿಂಡರಿಸಿಕೊಂಡೇ ಬರುತ್ತಿದ್ದ ಕಾಲ. ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪಿಗೆ ಸಿಕ್ಕಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಏರಿ ಬರುವ ನೀರು ಅದು. ಅಷ್ಟೆಲ್ಲ ಹತ್ತಿ ಬಂದದ್ದು ನಮ್ಮ ಬೀದಿಯ ಏರು ಕಂಡೊಡನೆ ಸುಸ್ತಾಗಿಬಿಡುತ್ತಿತ್ತು. ಅದಕ್ಕೇ ಎಲ್ಲರೂ ಗೇಟಿನ ಪಕ್ಕ ಆಳುದ್ದದ ಗುಂಡಿ ತೋಡಿ, ತಳದಲ್ಲಿ ನಲ್ಲಿ ಕೂರಿಸಿದ್ದರು. ನೀರು ಬರುವುದು ದಿನ ಬಿಟ್ಟು ದಿನ, ಅದೂ ಸರಿರಾತ್ರಿ ಕಳೆದ ಮೇಲೆ. ಎಷ್ಟು ಹೊತ್ತಿಗೆ ಎಂಬುದು ವಾಲ್ವ್ ತಿರುಗಿಸುವವನಿಗೂ ದೇವರಿಗೂ ಬಿಟ್ಟದ್ದು.

ಅಪ್ಪ ಇದಕ್ಕೊಂದು ಉಪಾಯ ಹೂಡಿದ್ದರು. ನಲ್ಲಿಯನ್ನು ತಿರುಗಿಸಿಟ್ಟು, ಅದರ ಕೆಳಗೆ ಖಾಲಿ ಡಾಲ್ಡಾ ಡಬ್ಬ ಬೋರಲು ಹಾಕಿ ಮಲಗುವುದು. ಮೊದಲ ಹನಿ ಬಿದ್ದರೆ ಡಣ್ ಎನ್ನಬೇಕು, ಅಪ್ಪ ಏಳಬೇಕು.

ಆ ಬೇಸಿಗೆಗೆ ಅಮ್ಮನ ಅಣ್ಣ ಆಗುಂಬೆ ಕಡೆಯಿಂದ ಬಂದಿದ್ದರು. ಅವರ ಮನೆಗೆ ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲಿಗೇ ಬಂದು ಬೀಳುತ್ತಿತ್ತು. ನಿಲ್ಲಿಸುವ ಮಾತೇ ಇಲ್ಲ. "ನೀರಿಗೆ ಕಾಯೋದು ಅಂದ್ರೆ ಎಂತದು ಮಾರಾಯ್ರೆ?" ಎಂದು ನಗಾಡಿಕೊಂಡೇ ಅವರು ವರಾಂಡದಲ್ಲಿ ಮಲಗಿದರು.

ರಾತ್ರಿ ಡಬ್ಬ ಡಣ್ ಎಂದಿತು. ಕರೆಂಟಿರಲಿಲ್ಲ. ಅಪ್ಪ ಸೊಳ್ಳೆ ಕಾಟಕ್ಕೆ ತಲೆಗೆ ಟವೆಲ್ ಸುತ್ತಿಕೊಂಡು, ಸದ್ದಿಲ್ಲದೆ ಗುಂಡಿಗೆ ಇಳಿದರು. ಬೀದಿಯವರು ಎದ್ದರೆ ನೀರಿನ ರಭಸ ಇಳಿಯುತ್ತದೆಂಬುದು ಅವರ ಗುಟ್ಟಿನ ಲೆಕ್ಕಾಚಾರ. ಮಾವ ಕಣ್ಣು ಬಿಟ್ಟಾಗ ಕಂಡದ್ದು ನೆಲದೊಳಗಿಂದ ಎದ್ದ ಒಂದು ಮುಂಡಾಸಿನ ತಲೆ. ಒಂದೇ ನೆಗೆತಕ್ಕೆ ಟವೆಲ್ ಹಿಡಿದು, "ಕಳ್ಳ! ಕಳ್ಳ!" ಎಂದು ಕೂಗಿದರು. ಮಲೆನಾಡಿನ ಗಂಟಲು, ತೋಟದ ಆಚೆಗಿನ ಆಳನ್ನು ಕರೆದು ರೂಢಿಯಿದ್ದದ್ದು. ಅಪ್ಪ "ಭಾವ, ನಾನು... ನಾನು" ಎನ್ನುತ್ತಲೇ ಇದ್ದರು. ಯಾವ ಕಳ್ಳ ತಾನೇ "ನಾನು ನಾನಲ್ಲ" ಎಂದಾನು!

ಬೀದಿಯೇ ಎದ್ದು ಬಂತು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಕೊಡೆ ಹಿಡಿದು, ಅವರ ಹುಡುಗರು ಕ್ರಿಕೆಟ್ ಬ್ಯಾಟ್ ಹಿಡಿದು, ಮೂಲೆ ಮನೆಯಾಕೆ ಲಟ್ಟಣಿಗೆ ಸಮೇತ. ನಾನು ಟಾರ್ಚ್ ತಂದೆ. ಯಾರು ಮೊದಲು ಹೊಡೆಯಬೇಕೆಂದು ಎಲ್ಲರೂ ಯೋಚಿಸುತ್ತ ನಿಂತ ಆ ಗಳಿಗೆಯಲ್ಲಿ ಗುಂಡಿಯೊಳಗಿಂದ ಕೇಳಿತು: ಡಣ್, ಡಣ್, ಡಣಡಣ.

"ಅಯ್ಯೋ, ನೀರು!" ಎಂದರು ಮೇಷ್ಟ್ರು.

ಕಣ್ಣು ಮಿಟುಕಿಸುವುದರಲ್ಲಿ ಬೀದಿ ಖಾಲಿ. ಕಳ್ಳನೂ ಬೇಡ, ಅವನು ಕದ್ದದ್ದೂ ಬೇಡ. ಆಮೇಲೆ ಬೆಳಗಿನವರೆಗೆ ಬರೀ ಕೊಡ, ಬಕೆಟ್, ಹಂಡೆಗಳ ಸದ್ದು. ಅಪ್ಪನ ಲೆಕ್ಕಾಚಾರದಂತೆಯೇ ನೀರಿನ ರಭಸ ಇಳಿಯಿತು. ನಮ್ಮ ಹಂಡೆ ಅರ್ಧಕ್ಕೇ ನಿಂತಿತು.

ಬೆಳಿಗ್ಗೆ ಮೇಷ್ಟ್ರು ಗೇಟಿನ ಬಳಿ ನಿಂತು, "ನಿಮ್ಮ ಭಾವನವರು ಮಳೆಗಾಲ ಹಿಡಿಯೋವರೆಗೂ ಇದ್ದು ಹೋಗಲಿ ಬಿಡಿ" ಎಂದು ಉಪಕಾರ ಸ್ಮರಿಸಿದರು. ಮಾವ ಆ ರಾತ್ರಿಯ ಬಸ್ಸಿಗೇ ಹೊರಟರು. "ನಮ್ಮಲ್ಲಿ ಕಳ್ಳ ಬಂದ್ರೆ ಕಳ್ಳನ್ನ ಹಿಡೀತಾರೆ, ಇವರು ಕೊಡ ಹಿಡೀತಾರೆ" ಎಂದು ಊರಿನಲ್ಲಿ ಹೇಳಿಕೊಂಡು ತಿರುಗಿದರಂತೆ.

ಎಂಥ ಚಂದದ ದಿನಗಳು ಎಂದು ನಾನೊಮ್ಮೆ ಅಮ್ಮನೆದುರು ರಾಗ ಎಳೆದೆ. "ನಿನಗೇನಪ್ಪ, ಟಾರ್ಚ್ ಹಿಡಿದು ನಿಂತಿದ್ದೆ. ಗುಂಡಿಯಿಂದ ಹಿತ್ತಲಿನವರೆಗೆ ಕೊಡ ಹೊತ್ತಿದ್ದು ಯಾರು?" ಎಂದಳು. ಸೊಂಟ ಹಿಡಿದುಕೊಂಡೇ ಎದ್ದು ಒಳಗೆ ಹೋದಳು. ಅಂದಿನಿಂದ ಈ ಕಥೆಯನ್ನು ಅವಳು ಮಲಗಿದ ಮೇಲಷ್ಟೇ ಹೇಳುತ್ತೇನೆ. ನೀವು ನಗುವುದಾದರೂ ಸ್ವಲ್ಪ ಮೆಲ್ಲಗೆ ನಗಿ.