ಅಕ್ಕನ ಬಣ್ಣ

ಮದುವೆಯ ಮನೆಯಲ್ಲಿ ಗಂಡುಹುಡುಗರ ಪಾಲಿಗೆ ಬರುವ ಕೆಲಸಗಳೆಂದರೆ ಚೀಲ ಹೊರುವುದು, ಲಗ್ನಪತ್ರಿಕೆ ಹಂಚುವುದು ಮತ್ತು ಬೈಸಿಕೊಳ್ಳುವುದು. ಮೂರರಲ್ಲಿಯೂ ನಾನು ಪಳಗಿದವನೆಂದೇ ಇರಬೇಕು, ಒಂದು ಭಾನುವಾರ ಅವ್ವ, ಅಕ್ಕನ ಸಂಗಡ ನನ್ನನ್ನೂ ಹುಬ್ಬಳ್ಳಿಗೆ ಹೊರಡಿಸಿದಳು. ಯಲವಿಗಿಯಲ್ಲಿ ರೈಲು ಹತ್ತಿ ಗುಡಗೇರಿ, ಸಂಶಿ, ಕುಂದಗೋಳಗಳನ್ನು ದಾಟುವವರೆಗೂ ಸೀರೆಯ ಅಂಗಡಿಗೆ ಹೊರಟಿದ್ದೇವೆಂದೇ ನಾನು ತಿಳಿದಿದ್ದೆ. ಹೊರಟದ್ದು ಮದುಮಗಳಿಗೆ ಮೇಕಪ್ಪು ಮಾಡುವಾಕೆಯ ಬಳಿಗೆ. ಅದೂ ಲಗ್ನಕ್ಕೆ ಇನ್ನೂ ಎರಡು ತಿಂಗಳಿರುವಾಗ!

ನನಗೆ ನಗೆ ಬಂದಿತು. ದೊಡ್ಡಾಟದ ರಾತ್ರಿ ನಮ್ಮೂರಿನ ಒಕ್ಕಲಿಗರು ಮುಖಕ್ಕೆ ಬಣ್ಣ ಬಳಿದುಕೊಂಡು ಒಂದೆರಡು ತಾಸಿನಲ್ಲಿ ದೇವೇಂದ್ರರಾಗುವುದನ್ನು ಕಂಡವನು ನಾನು. ಆದರೆ ಆಕೆ ವಹಿ ತೆರೆದು ಕೇಳತೊಡಗಿದ ಪ್ರಶ್ನೆಗಳು ನಮ್ಮ ವಾರ್ಷಿಕ ಪರೀಕ್ಷೆಗೂ ಬಾರವು. ಅಕ್ಕಿಕಾಳು ಎಷ್ಟು ಗಂಟೆಗೆ? ಮಂಟಪ ಒಳಗೋ, ಬಯಲಲ್ಲೋ? ಬಾಸಿಂಗ ಕಟ್ಟಿದರೆ ಹಣೆ ಎಷ್ಟು ಮುಚ್ಚೀತು? ಹಿಂದೆ ಏನಾದರೂ ಹಚ್ಚಿ ಮೈ ತುರಿಸಿತ್ತೇ? ಕಪ್ಪು ಮೆಹಂದಿಯ ಮಾತೆತ್ತಿದಾಗ ಆಕೆಯ ದನಿ ಬಿಗಿಯಾಯಿತು. ಕೂದಲಿಗೆ ಹಚ್ಚುವ ಪಿ.ಪಿ.ಡಿ. ಎಂಬ ರಾಸಾಯನಿಕವನ್ನು ಅದಕ್ಕೆ ಬೆರೆಸುವುದುಂಟು, ಕೈತುಂಬ ಗುಳ್ಳೆ ಎದ್ದಾವು ಎಂದಳು. ಹೊಸ ಸಾಮಾನು ಯಾವುದನ್ನೂ ಲಗ್ನದ ದಿನವೇ ಮೊದಲಬಾರಿಗೆ ಮುಖಕ್ಕೆ ಮುಟ್ಟಿಸಬಾರದಂತೆ. ಎರಡು ದಿನ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಬೇಕಂತೆ. ಅರಿಷಿಣದ ಚರ್ಚೆಯಂತೂ ಅರ್ಧ ತಾಸು ನಡೆಯಿತು. ಹಿಂದಿನ ದಿನ ಬಂಧುಬಳಗವೆಲ್ಲ ಸೇರಿ ಮೆತ್ತುವ ಅರಿಷಿಣ ಒಂದೇ ಸ್ನಾನಕ್ಕೆ ಬಿಡುವುದಿಲ್ಲ. ಆ ಹಳದಿಯನ್ನೂ ಲೆಕ್ಕಕ್ಕೆ ಹಿಡಿದೇ ಬಣ್ಣ ಕೂಡಿಸಬೇಕು. ತುಟಿಯ ಕೆಂಪಿನ ಸರದಿ ಬಂದಾಗ ನಾನೂ ಬಾಯಿ ಹಾಕಿ, ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣವೂ ತುಟಿರಂಗಿಗೆ ಹೋಗುತ್ತದೆಂದೂ, ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿ ದೊರೆತಿದೆಯೆಂದೂ ಪಾಂಡಿತ್ಯ ಮೆರೆದೆ. ಯಾರೂ ಲಕ್ಷ್ಯ ಕೊಡಲಿಲ್ಲ.

ಆಗ ಅವ್ವ ದನಿ ತಗ್ಗಿಸಿದಳು. “ಅಕ್ಕಾರ, ಬೀಗರ ಕಡೆ ಮಂದಿ ಭಾಳ ಬರ್ತಾರ. ಒಂದೀಟು ಬೆಳ್ಳಗ ಕಾಣೂ ಹಂಗ ಮಾಡ್ರಿ.”

ಆಕೆ ಉತ್ತರ ಕೊಡುವ ಮೊದಲೇ ಅಕ್ಕ ಅಂದಳು: “ಬ್ಯಾಡ್ರಿ. ಒಮ್ಮೆ ಬೆಳ್ಳಗಾಗಿ ನೋಡೇನಿ.”

ಆ ಮಾತು ಯಾರಿಗೆ ತಾಗಬೇಕೋ ಅವನಿಗೆ ತಾಗಿತು. ಮೂರು ವರುಷಗಳ ಹಿಂದೆ ಮೊದಲ ಸಂಬಂಧ ಬಂದಾಗ ಅಕ್ಕನ ಫೋಟೋ ಕಳಿಸಿದವನು ನಾನು. ಕಳಿಸುವ ಮೊದಲು, ಯಾರನ್ನೂ ಕೇಳದೆ, ಮೊಬೈಲಿನಲ್ಲಿ ಅದನ್ನು ಬೆಳ್ಳಗೆ ಮಾಡಿದ್ದೆ. ಉಪಕಾರ ಮಾಡಿದೆನೆಂದೇ ಹಿಗ್ಗಿದ್ದೆ. ಬಂದವರು ಅವಲಕ್ಕಿ ತಿಂದರು, ಚಹಾ ಕುಡಿದರು. ಅವರಲ್ಲೊಬ್ಬ ಮುದುಕಿ ಕೈಯಲ್ಲಿನ ಫೋಟೋವನ್ನೂ ತಾಟು ಹಿಡಿದು ನಿಂತ ಅಕ್ಕನನ್ನೂ ನೋಡಿ, “ಫೋಟೋದಾಗಿನ ಹುಡಿಗೀನ ಕರೀರಿ” ಎಂದಳು. ಅಕ್ಕ ಅಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾವ ಫೋಟೋಕ್ಕೂ ಅವಳು ನಿಂತದ್ದಿಲ್ಲ. ಈಗ ಭಾವನಾಗುವವರು ಫೋಟೋ ಕೇಳಿದವರಲ್ಲ. ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಅವಳು ಊಟಕ್ಕೆ ಬಡಿಸುವುದನ್ನು ಕಂಡು ಹೇಳಿಕಳಿಸಿದವರು.

ಮೇಕಪ್ಪಿನಾಕೆ ಅಕ್ಕನನ್ನು ಬಾಗಿಲ ಬೆಳಕಿಗೆ ಕರೆದೊಯ್ದು, ದವಡೆಯಂಚಿಗೆ ಮೂರು ಬಣ್ಣದ ಮೂರು ಗೆರೆ ಎಳೆದಳು. ಎರಡು ಕಂಡವು, ಒಂದು ಮೈಯೊಳಗೆ ಬೆರೆತು ಮಾಯವಾಯಿತು. “ಕಾಣದಂಗ ಆತಲ್ಲ, ಇದ ನಿನ್ನ ಬಣ್ಣ ನೋಡವಾ” ಎಂದು ಅವಳಿಗೂ, ತಿಳಿಬಣ್ಣ ಬಳಿದರೆ ಮುಖ ಬೂದಿ ಹಚ್ಚಿದಂತಾಗಿ, ಫೋಟೋದ ಮಿಂಚಿನಲ್ಲಿ ಮುಖ ಬೇರೆ ಕೊರಳು ಬೇರೆ ಕಂಡೀತೆಂದು ಅವ್ವನಿಗೂ ಹೇಳಿದಳು. ಅವ್ವ ಮಾತಾಡಲಿಲ್ಲ. ಮುಂಗಡದ ಹಣ ಎಣಿಸುವಾಗ ಮಾತ್ರ ಎರಡು ಸಲ ತಪ್ಪಿದಳು.

ಪರೀಕ್ಷೆಗೆಂದು ಹಚ್ಚಿದ ಬಣ್ಣದಲ್ಲಿಯೇ ಅಕ್ಕ ರೈಲು ಹತ್ತಿದಳು. ಕುಂದಗೋಳ ದಾಟಿದ ಮೇಲೆ ನನ್ನತ್ತ ನೋಡದೆಯೇ, “ಒಂದು ಫೋಟೋ ತಗಿ” ಎಂದಳು. ತೆಗೆದೆ. ಇಸಿದುಕೊಂಡು ಬಹಳ ಹೊತ್ತು ನೋಡಿ, ಮೊಬೈಲನ್ನು ತನ್ನ ಚೀಲದಲ್ಲಿಯೇ ಇಟ್ಟುಕೊಂಡಳು; ಯಲವಿಗಿ ಬರುವವರೆಗೆ ನನಗೆ ಕೊಡಲಿಲ್ಲ.

ಹೊತ್ತು ಮುಳುಗುವಾಗ ಮನೆ ಸೇರಿದೆವು. ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಅಕ್ಕನ ಗದ್ದ ಹಿಡಿದು ಆ ಕಡೆ ಈ ಕಡೆ ಹೊರಳಿಸಿ ನೋಡಿದಳು.

“ಅಲ್ಲ, ದಿನಾ ಹೋಗಿ ಏನ್ ಮಾಡಿಸ್ಕೊಂಡು ಬಂದ್ರಿ? ಮಾರಿ ಹೆಂಗಿತ್ತೋ ಹಂಗ ಐತಲ್ಲ!”

“ಅದಕ್ಕ ರೊಕ್ಕಾ ಕೊಟ್ಟು ಬಂದೇವಿ, ಅತ್ತಿ,” ಎಂದು ಅವ್ವ ಒಳಗೆ ಹೋಗಿ ಚಹಾಕ್ಕಿಟ್ಟಳು.