ಅಮ್ಮನ ಹಾಡು, ನಮ್ಮ ಕಂಪ್ಯೂಟರ್

ಅಪ್ಪನ ಹನ್ನೊಂದು ಫೋಟೋಗಳು ನಮ್ಮ ಮನೆಯಲ್ಲಿವೆ. ದನಿ ಮಾತ್ರ ಎಲ್ಲಿಯೂ ಇಲ್ಲ. 1998ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲೊಂದು ಟೇಪ್‌ರೆಕಾರ್ಡರ್ ಇತ್ತು. ಅದರಲ್ಲಿ ಧ್ವನಿಮುದ್ರಣದ ಕೆಂಪು ಗುಂಡಿಯೂ ಇತ್ತು. ಆ ಗುಂಡಿಯನ್ನು ಅಪ್ಪನ ಮುಂದೆ ಒಮ್ಮೆಯಾದರೂ ಒತ್ತಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಯಕ್ಷಗಾನದ ಕ್ಯಾಸೆಟ್ ಕೇಳುವುದಕ್ಕೆ ಮಾತ್ರ ಆ ಪೆಟ್ಟಿಗೆ ಇರುವುದೆಂದು ನಂಬಿದ್ದೆವು.

ಆ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಕಾಳಿಂಗ ನಾವಡರವು. ನಮ್ಮ ಕೋಟೇಶ್ವರದಿಂದ ದಕ್ಷಿಣಕ್ಕೆ, ಸಾಲಿಗ್ರಾಮದ ಬಳಿಯ ಗುಂಡ್ಮಿಯವರು ಅವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಮೇಲೆ ಒಂದೆರಡು ವರ್ಷ ಅಷ್ಟೆ. ಅವರು ಹೋದ ಮೇಲೆ ಹುಟ್ಟಿದ ಮಕ್ಕಳೂ ಒಂದು ಆಲಾಪ ಕೇಳಿದರೆ ಸಾಕು, 'ಇದು ನಾವಡರು' ಎನ್ನುತ್ತಾರೆ. ಆಟದ ಬಯಲಲ್ಲಿ ನಿದ್ದೆಗೆಟ್ಟು ಟೇಪ್‌ರೆಕಾರ್ಡರ್ ಹಿಡಿದು ಕೂತವರ ಋಣ ಅದು. ದೊಡ್ಡ ಕಲಾವಿದರಿಗೆ ಹಾಗೆ ಕೂರುವವರು ಸಿಗುತ್ತಾರೆ. ಅಡುಗೆಮನೆಯಲ್ಲಿ ಹಾಡುವ ಅಮ್ಮಂದಿರಿಗೆ ಮನೆಯವರಲ್ಲದೆ ಇನ್ನಾರು ಕೂರಬೇಕು?

ನಾವು ಎಂದರೆ ಒಡಹುಟ್ಟಿದ ಮೂವರು. 2011ರ ಮಳೆಗಾಲದಲ್ಲಿ ನಮ್ಮಲ್ಲೊಬ್ಬ ಗಲ್ಫಿನಿಂದ ರಜೆಗೆ ಬರುವಾಗ ಹಳೆಯ ಲ್ಯಾಪ್‌ಟಾಪ್ ಮತ್ತು ಅದಕ್ಕೆ ನೇರವಾಗಿ ಸಿಕ್ಕಿಸಬಹುದಾದ ಯುಎಸ್‌ಬಿ ಮೈಕ್ ತಂದ. ಅಮ್ಮನಿಗೆ ಆಗ ಅರವತ್ತೆಂಟು. ಅಮ್ಮಮ್ಮನಿಂದ ಕಲಿತ ಜೋಗುಳಗಳೂ, ಗದ್ದೆಯ ಕೆಸರಿನಲ್ಲಿ ಬೆನ್ನು ಬಗ್ಗಿಸಿ ಹಾಡುತ್ತಿದ್ದ ನಾಟಿಯ ಹಾಡುಗಳೂ ಅವಳ ನೆನಪಿನಲ್ಲಿದ್ದವು. ಅವಳು ನಾಟಿ ಮಾಡಿದ್ದ ಗದ್ದೆಗಳಲ್ಲಿ ಕೆಲವು ಆಗಲೇ ಹಡಿಲು ಬಿದ್ದಿದ್ದವು, ಕೆಲವು ಮನೆ ನಿವೇಶನಗಳಾಗಿದ್ದವು. ಹಾಡು ಉಳಿದಿದ್ದ ಜಾಗ ಅವಳ ಗಂಟಲೊಂದೇ.

ಧ್ವನಿಮುದ್ರಣಕ್ಕೆ ಆಡಾಸಿಟಿ ಎಂಬ ತಂತ್ರಾಂಶವನ್ನು ಹಾಕಿಕೊಂಡೆವು. 2000ದಲ್ಲಿ ಬಿಡುಗಡೆಯಾದ ಇದು ಅಂದಿನಿಂದ ಇಂದಿನವರೆಗೂ ಉಚಿತ. ಲ್ಯಾಪ್‌ಟಾಪ್, ಮೈಕ್, ಕಿವಿಗೆ ಹೆಡ್‌ಫೋನ್ ಇದ್ದ ಮೇಲೆ ಸ್ಟುಡಿಯೋ ಆಯಿತೆಂದೇ ಭಾವಿಸಿದೆವು. 'ನನ್ ಹಾಡ್ ಯಾರಿಗ್ ಬೇಕ್ ಮಾರಾಯ?' ಎನ್ನುತ್ತಲೇ ಅಮ್ಮ ಮೈಕಿನ ಮುಂದೆ ಕೂತಳು.

ಮೊದಲ ದಿನ ಕೇಳಿಸಿದ್ದು ಅಮ್ಮನ ಹಾಡಲ್ಲ, ನಮ್ಮ ಮನೆ. ತಿರುಗುವ ಫ್ಯಾನು, ಮೀನಿನವನ ಹಾರ್ನು, ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ಹೆದ್ದಾರಿಯ ಲಾರಿಗಳು, ಹಂಚಿನ ಮೇಲೆ ಮಳೆ, ಮೈಕಿನ ಪಕ್ಕದಲ್ಲೇ ಇಟ್ಟಿದ್ದ ಲ್ಯಾಪ್‌ಟಾಪಿನ ಗುಂಯ್ ಸದ್ದು. ನಮ್ಮ ಕಿವಿ ತನಗೆ ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಮೈಕಿಗೆ ಆ ಆಯ್ಕೆ ಗೊತ್ತಿಲ್ಲ. ಜಗಲಿಯ ಬೋಳು ಗೋಡೆಗಳಿಗೆ ಬಡಿದು ಹಿಂದಿರುಗಿದ ದನಿಯೂ ಸೇರಿಕೊಂಡು ಅಮ್ಮ ಯಾವುದೋ ಖಾಲಿ ಗೋದಾಮಿನಲ್ಲಿ ಹಾಡಿದಂತಿತ್ತು.

ಕಲಿತದ್ದು ಹೀಗೆ. ಹಾಸಿಗೆ, ಕಂಬಳಿಗಳನ್ನು ಪೇರಿಸಿಟ್ಟ ಒಳಕೋಣೆಯೇ ನಮ್ಮ ಸ್ಟುಡಿಯೋ ಆಯಿತು. ಮೆತ್ತಗಿನ ವಸ್ತುಗಳು ಸದ್ದನ್ನು ಹೀರಿಕೊಳ್ಳುತ್ತವೆ, ಪ್ರತಿಧ್ವನಿ ಅಡಗುತ್ತದೆ. ಲ್ಯಾಪ್‌ಟಾಪನ್ನು ಉದ್ದ ತಂತಿಯಲ್ಲಿ ಬಾಗಿಲಾಚೆ ಇಟ್ಟೆವು. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟೆವು. ಪ, ಬ, ಭ ಎಂಬಲ್ಲೆಲ್ಲ ಉಸಿರು ಗುದ್ದಿದಂತೆ ಕೇಳುತ್ತಿತ್ತು. ಕಸೂತಿ ಹಾಕುವ ಬಳೆಗೆ ತೆಳು ಬಟ್ಟೆ ಬಿಗಿದು ನಡುವೆ ಹಿಡಿದಾಗ ಅದೂ ನಿಂತಿತು. ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪಿಗೆ ಮುಟ್ಟದಂತೆ ನೋಡಿಕೊಂಡೆವು. ಕ್ಯಾಸೆಟ್ಟಿನಲ್ಲಿ ದನಿ ತುಸು ಹೆಚ್ಚಾದರೆ ಒರಟಾಗುತ್ತಿತ್ತಷ್ಟೆ. ಕಂಪ್ಯೂಟರಿನಲ್ಲಿ ಮಿತಿ ಮೀರಿದ ದನಿಯ ತುದಿ ಕತ್ತರಿಸಿಹೋಗುತ್ತದೆ. ಹಾಗೆ ಹೋದುದನ್ನು ಇದ್ದಂತೆಯೇ ಮರಳಿ ತರಲಾಗದು.

ಇಷ್ಟಾದ ಮೇಲೆ ನಮಗೆ ದುರಾಸೆ ಹುಟ್ಟಿತು. ಜೋಗುಳಕ್ಕೆ ಹಿಮ್ಮೇಳ ಸೇರಿಸಬೇಕೆಂದು ಕೀಬೋರ್ಡ್ ತಂದೆವು. ಅಮ್ಮನ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ಇತ್ತು, ಹಾಡು ಮುಂದುವರಿದಂತೆ ಮೆಲ್ಲನೆ ಏರುತ್ತಿತ್ತು. ನಿಮಿಷಕ್ಕಿಷ್ಟು ಎಂದು ತಾಳದ ಟಿಕ್ ಟಿಕ್ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರೆ ಅಮ್ಮ ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಅವಳ ತಾಳ ತೊಟ್ಟಿಲು ತೂಗುವ ಕೈಯಲ್ಲಿತ್ತು. ಕೂಸು ನಿದ್ದೆಗೆ ಜಾರಿದಂತೆ ಆ ಕೈ ನಿಧಾನವಾಗಬೇಕಲ್ಲವೆ? ಕೀಬೋರ್ಡನ್ನು ಕಟ್ಟಿ ಅಟ್ಟದ ಮೇಲೆ ಇಟ್ಟೆವು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಹಿನ್ನೆಲೆಯ ಮಳೆಯ ಸದ್ದನ್ನು ತೆಗೆದು ಹಾಡನ್ನು ಶುದ್ಧಗೊಳಿಸಬೇಕೆಂದು ಹೊರಟೆವು. ಅದಕ್ಕೂ ಆಡಾಸಿಟಿಯಲ್ಲಿ ಸೌಲಭ್ಯವಿದೆ. ಹಾಡಿಲ್ಲದ ಕೆಲವು ಕ್ಷಣಗಳನ್ನು ಮಾದರಿಯಾಗಿ ಕೊಟ್ಟರೆ, ಅಂಥದೇ ಸದ್ದನ್ನು ಇಡೀ ಹಾಡಿನಲ್ಲಿ ಹುಡುಕಿ ತಗ್ಗಿಸುತ್ತದೆ. ಫ್ಯಾನಿನಂತೆ ಒಂದೇ ಸಮನಿರುವ ಸದ್ದಿಗೆ ಇದು ಒಳ್ಳೆಯ ಮದ್ದು. ಮಳೆಯ ಸದ್ದು ಹಾಗಲ್ಲ. ಅದು ಹಿಡಿದು ಬಿಟ್ಟು ಬದಲಾಗುತ್ತದೆ, ಮೇಲುಸ್ತರದಿಂದ ಕೆಳಸ್ತರದವರೆಗೆ ಹರಡಿರುತ್ತದೆ. ಸ, ಶ ಅಕ್ಷರಗಳೂ ಉಸಿರೂ ಇರುವ ಸ್ತರದಲ್ಲೇ ಮಳೆಯೂ ಇರುತ್ತದೆ. ನಾವು ಮತ್ತೆ ಮತ್ತೆ ಒರೆಸಿದೆವು. ಮಳೆ ಹೋಯಿತು, ಜೊತೆಗೆ ಉಸಿರೂ ಹೋಯಿತು. ಹಾಡಿನ ಮುಂಚೆ ಅಮ್ಮ ಆಡಿದ್ದ ಮಾತುಗಳನ್ನು ಅನಾವಶ್ಯಕವೆಂದು ಕತ್ತರಿಸಿದೆವು.

ಕೇಳಿಸಿದಾಗ ಅಮ್ಮ ಹೇಳಿದಳು: 'ಇದ್ ನಾನಲ್ಲ. ಬಾವಿ ಒಳ್ಗೆ ಕೂತ್ಕಂಡ್ ಯಾರೋ ಹಾಡ್ದಂಗ್ ಇತ್ತ್.' ನಾವು ನಕ್ಕೆವು. ಅಮ್ಮನಿಗೆ ಕಂಪ್ಯೂಟರ್ ಏನು ಗೊತ್ತು ಎಂದುಕೊಂಡೆವು.

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಯಾವ ಒತ್ತಡಕ್ಕೂ ಒಳಗಾಗದ ಮೂಲ ಮುದ್ರಣವನ್ನು ವೇವ್ ಕಡತ ಎನ್ನುತ್ತಾರೆ. ಸಿಡಿಯ ಗುಣಮಟ್ಟದಲ್ಲಿ ಎರಡು ವಾಹಿನಿಗಳಿದ್ದರೆ ಅದಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿ ಜಾಗ ಬೇಕು. ಒಂದೇ ದನಿಗೆ ಒಂದೇ ವಾಹಿನಿ ಸಾಕು, ಅರ್ಧ ಜಾಗ ಉಳಿಯುತ್ತದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಲ್ಯಾಪ್‌ಟಾಪ್ ತುಂಬಿತು. ಒರೆಸಿದ ಹಾಡುಗಳನ್ನು ಎಂಪಿ3 ಮಾಡಿಕೊಂಡರೆ ನಿಮಿಷಕ್ಕೆ ಒಂದು ಎಂಬಿ ಸಾಲುತ್ತದೆ. ಹಾಗೆ ಮಾಡಿಕೊಂಡು ಮೂಲಗಳನ್ನೆಲ್ಲ ಅಳಿಸಿಹಾಕಿದೆವು. ಬೇಕಾದರೆ ಮುಂದಿನ ಮಳೆಗಾಲದಲ್ಲಿ ಇನ್ನೊಮ್ಮೆ ಹಾಡಿಸಿದರಾಯಿತು ಎಂಬ ಧೈರ್ಯ.

ಮುಂದಿನ ಮಳೆಗಾಲಗಳಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಬಿಡುವಿರಲಿಲ್ಲ. 2015ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಮಾತು ತೊದಲುತ್ತ ಅಷ್ಟಿಷ್ಟು ಮರಳಿತು. ಹಾಡು ಮರಳಲಿಲ್ಲ.

ಆಗ ಎಂಪಿ3 ಹಾಕಿ ಕೇಳಿದೆವು. ಅಮ್ಮ ಹೇಳಿದ್ದು ಸರಿಯಾಗಿತ್ತು. ಬಾವಿಯೊಳಗಿನ ದನಿ.

ಒಂದು ತುಣುಕು ಮಾತ್ರ ನಮ್ಮ ಕೈಯಿಂದ ತಪ್ಪಿಸಿಕೊಂಡಿತ್ತು. ಆ ದಿನ ನಮ್ಮಲ್ಲಿ ಕಿರಿಯವಳು ಸುಮ್ಮನೆ ಕುತೂಹಲಕ್ಕೆ ತನ್ನ ಗುಂಡಿ ಒತ್ತುವ ಫೋನಿನಲ್ಲೂ ಮುದ್ರಿಸಿಕೊಂಡಿದ್ದಳು. ಫೋನಿನ ಕರೆಯಷ್ಟೇ ಗುಣಮಟ್ಟ. ಮಳೆ ಇದೆ, ಲಾರಿ ಇದೆ, ಕೊಡಪಾನ ಬಿದ್ದ ಸದ್ದೂ ಇದೆ. ಹಾಡು ಅರ್ಧಕ್ಕೆ ನಿಲ್ಲುತ್ತದೆ, ಯಾರದೋ ಕರೆ ಬಂದಿರಬೇಕು. ಆದರೆ ಹಾಡಿನ ಮುಂಚಿನ ಮಾತು ಪೂರ್ತಿ ಇದೆ. ಯಾವ ಗದ್ದೆ, ಮುಂದಿನ ಸಾಲಿನಲ್ಲಿ ಯಾರಿರುತ್ತಿದ್ದರು, ಅಮ್ಮಮ್ಮ ಯಾವ ಪದದಲ್ಲಿ ತಡೆದು ಉಸಿರೆಳೆಯುತ್ತಿದ್ದಳು ಎಂದೆಲ್ಲ ಹೇಳುತ್ತಾಳೆ. ನಡುವೆ ಅನ್ನಕ್ಕಿಟ್ಟ ನೀರು ಕುದಿಯಿತೋ ನೋಡಲು ಹೇಳುತ್ತಾಳೆ. ಈಗ ನಾವು ಮತ್ತೆ ಮತ್ತೆ ಕೇಳುವುದು ಇದನ್ನೇ.

ಅನಾವಶ್ಯಕವೆಂದು ನಾವು ಕತ್ತರಿಸಿದ್ದ ಮಾತಿನ ಬೆಲೆ ಗೌಹರ್ ಜಾನ್‌ರ ಕಥೆ ಓದಿದಾಗ ಇನ್ನಷ್ಟು ಅರ್ಥವಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದವರು ಅವರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಅವರು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಹೇಳುವ ಆ ದನಿ ಇಂದಿಗೂ ಉಳಿದಿದೆ. ನಮ್ಮ ಕಡತಗಳಿಗೆ 'ಹೊಸತು-2', 'ಹೊಸತು-3' ಎಂಬ ಹೆಸರುಗಳಿದ್ದವು.

ನಮ್ಮ ತಾಲೂಕಿನ ಬಸ್ರೂರಿನವರಾದ ರವಿ ಬಸ್ರೂರು 2018ರ 'ಕೆಜಿಎಫ್' ಚಿತ್ರಕ್ಕೆ ಸಂಗೀತ ಕೊಟ್ಟವರು. ಅವರಂತಾಗುವ ಆಸೆಯ ಹುಡುಗರು ಆಗಾಗ ನಮ್ಮಲ್ಲಿಗೆ ಬಂದು, ಮನೆಯಲ್ಲೇ ಹಾಡು ಮುದ್ರಿಸಲು ಯಾವ ಮೈಕ್ ಕೊಳ್ಳಬೇಕೆಂದು ಕೇಳುತ್ತಾರೆ. ಸದ್ಯಕ್ಕೆ ಏನೂ ಕೊಳ್ಳಬೇಡಿ ಎನ್ನುತ್ತೇವೆ. ಇಂದಿನ ಸಾಧಾರಣ ಮೊಬೈಲೂ ನಮ್ಮ ಅಂದಿನ ಫೋನಿಗಿಂತ ಎಷ್ಟೋ ಪಾಲು ಮೇಲು. ಫ್ಯಾನು ನಿಲ್ಲಿಸಿ, ಹಾಸಿಗೆಗಳಿರುವ ಕೋಣೆಗೆ ಹೋಗಿ, ಮನೆಯ ಹಿರಿಯರನ್ನು ಕೂರಿಸಿ. ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಮೂಲವನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಒರೆಸುವುದು, ಸೇರಿಸುವುದು ಎಲ್ಲವನ್ನೂ ಪ್ರತಿಯ ಮೇಲೆ ಮಾಡಿ. ಕೆಲವರು ಇದು ನಾವು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂಬಂತೆ ನೋಡಿ ಹೋಗುತ್ತಾರೆ. ಒಬ್ಬ ಹುಡುಗ ಮರುವಾರ ಬಂದು ತನ್ನ ಅಜ್ಜಿಯ ನಲವತ್ತು ನಿಮಿಷದ ಮಾತು, ಹಾಡುಗಳನ್ನು ನಮಗೆ ಕೇಳಿಸಿದ.

ಸಂಜೆ ಹೊತ್ತು ಆ ಫೋನಿನ ತುಣುಕನ್ನು ಅಮ್ಮನಿಗೂ ಹಾಕುತ್ತೇವೆ. ಅವಳ ಬಲಗೈ ಈಗ ಏಳುವುದಿಲ್ಲ. ಹಾಡು ಶುರುವಾದೊಡನೆ ಎಡಗೈ ಮಂಚದ ಅಂಚಿನಲ್ಲಿ ನೇಜಿ ಊರಿದಂತೆ ಮೇಲೆ ಕೆಳಗೆ ಆಡುತ್ತದೆ. ತುಣುಕು ಅರ್ಧಕ್ಕೆ ನಿಂತ ಮೇಲೂ ಆ ಕೈ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ.