ಹೆಸರಿಲ್ಲದ ಜ್ವರ

ಹೋದ ಡಿಸೆಂಬರಿನಲ್ಲಿ ಪುಣೆಯಿಂದ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಅಮ್ಮನಿಗೆ ಭಾಕರವಡಿಯ ಜೊತೆಗೆ ಒಂದು ಚಿಮುಟ, ಕೈಗವಸು, ಆಲ್ಕೋಹಾಲ್ ತುಂಬಿದ ಪುಟ್ಟ ಟ್ಯೂಬುಗಳೂ ಇದ್ದವು. ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೌರಿಯ ಕಿವಿ ಹಿಡಿದು ಉಣುಗು ಹೆಕ್ಕುತ್ತ ಕೂತೆ.

"ಇದನ್ನ ಹೆಕ್ಕಕ್ಕೆ ಅಷ್ಟೆಲ್ಲ ಓದ್ಬೇಕಿತ್ತನಾ? ನಾನು ದಿನಾ ಹೆಕ್ಕಿ ಕೆಂಡಕ್ಕೆ ಹಾಕಲ್ವಾ?" ಅಂದಳು ಅಮ್ಮ.

ನಮ್ಮದು ಸಾಗರದ ಕಡೆಯ ಹಳ್ಳಿ. ಅಲ್ಲಿ ಉಣುಗು ಎಂದರೆ ಮಂಗನ ಕಾಯಿಲೆಯೇ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಅದಕ್ಕೆ ಕಾರಣವಾದ ವೈರಸ್ಸನ್ನು ಪತ್ತೆ ಮಾಡಿದವರು ಪುಣೆಯ ವಿಜ್ಞಾನಿಗಳು. ಆದರೆ ಉಣುಗು ಹೊತ್ತು ತರುವುದು ವೈರಸ್ಸನ್ನಷ್ಟೇ ಅಲ್ಲ. ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾಗಳೂ ಅದರೊಳಗಿರುತ್ತವೆ. ಇವು ಬೇರೆ ಜೀವಿಯ ಕೋಶದೊಳಗೆ ಮಾತ್ರ ಬೆಳೆಯುವುದರಿಂದ ಆಸ್ಪತ್ರೆಯ ಮಾಮೂಲಿ ಕಲ್ಚರ್ ತಟ್ಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ನಾವು ಉಣುಗನ್ನೇ ಅರೆದು, ಡಿಎನ್‌ಎ ತೆಗೆದು, ಪಿಸಿಆರ್‌ನಲ್ಲಿ ಒಂದೆರಡು ಜೀನ್‌ಗಳನ್ನು ಹೆಚ್ಚಿಸಿ, ಅವುಗಳ ಅಕ್ಷರಕ್ರಮವನ್ನು ಈಗಾಗಲೇ ಗೊತ್ತಿರುವವುಗಳ ಜೊತೆ ಹೋಲಿಸಿ ನೋಡುತ್ತೇವೆ.

ಇದನ್ನೇ ಅಮ್ಮನಿಗೆ ಹೇಳುತ್ತಿದ್ದೆ. ಅವಳು ಟ್ಯೂಬನ್ನೇ ನೋಡುತ್ತ, "ನಿನ್ನ ಚಿಕ್ಕಪ್ಪನ ರಕ್ತಾನೂ ಹಿಂಗೇ ತುಂಬ್ಕಂಡು ಹೋಗಿದ್ರು" ಅಂದಳು.

ಚಿಕ್ಕಪ್ಪ ತೀರಿಕೊಂಡಾಗ ನಾನು ಪಿಯುಸಿ. ಸೊಪ್ಪು ತರಲು ಕಾಡಿಗೆ ಹೋಗಿ ಬಂದವರಿಗೆ ಜ್ವರ ಹತ್ತಿತು. ಮಂಗನ ಕಾಯಿಲೆಯ ಪರೀಕ್ಷೆ ನೆಗೆಟಿವ್ ಬಂತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ಜ್ವರ ಮಾತ್ರ ಬಿಡಲಿಲ್ಲ. ಹನ್ನೊಂದನೇ ದಿನ ಹೋಗಿಬಿಟ್ಟರು.

"ಅಂಗೈ ತುಂಬ ಕೆಂಪು ಚುಕ್ಕೆ ಎದ್ದಿದ್ವು. ಅಂಗಾಲಲ್ಲೂ."

ನನ್ನ ಕೈ ಅಲ್ಲೇ ನಿಂತಿತು. ಅಂಗೈ, ಅಂಗಾಲಿಗೂ ಹಬ್ಬುವ ಚುಕ್ಕೆಗಳು ಉಣುಗಿನಿಂದ ಬರುವ ರಿಕೆಟ್ಸಿಯಾ ಜ್ವರದ ಒಂದು ಮುಖ್ಯ ಗುರುತು. ಮಂಗನ ಕಾಯಿಲೆಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಈ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿ ಇದೆ, ಬೇಗ ಕೊಡಬೇಕು ಅಷ್ಟೇ. ಚಿಕ್ಕಪ್ಪನಿಗೆ ಇದ್ದದ್ದು ಅದೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಅಮ್ಮನಿಗೆ ಆಗ ಏನೂ ಹೇಳಲಿಲ್ಲ.

ಪುಣೆಗೆ ಮರಳಿದ ಮೇಲೆ ಗೌರಿಯ ಒಂದು ಟ್ಯೂಬಿನಲ್ಲಿ ರಿಕೆಟ್ಸಿಯಾ ಸಿಕ್ಕಿತು. ಗೊತ್ತಿರುವ ಯಾವುದಕ್ಕೂ ಪೂರ್ತಿ ಹೊಂದಲಿಲ್ಲ. ಕುಣಿಯುತ್ತ ಗೈಡ್ ಬಳಿ ಓಡಿದೆ. ಅವರು ಕೂರಿಸಿಕೊಂಡು ರಿಕೆಟ್ಸಿಯಾ ಪಾರ್ಕೆರಿಯ ಕತೆ ಹೇಳಿದರು. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದನಗಳ ಮೈಮೇಲಿನ ಉಣುಗಿನಲ್ಲೇ ಅದು ಸಿಕ್ಕಿತ್ತು. ಮನುಷ್ಯರಿಗೂ ಕಾಯಿಲೆ ತರುತ್ತದೆ ಎಂದು ಖಚಿತವಾದದ್ದು 2004ರಲ್ಲಿ, ಒಬ್ಬ ರೋಗಿಯ ಚರ್ಮದ ಕಪ್ಪು ಹಕ್ಕಳೆಯಿಂದ ಅದನ್ನು ಬೆಳೆಸಿದ ಮೇಲೆ. ಉಣುಗಿನಲ್ಲಿ ಸಿಕ್ಕಿದ್ದೆಲ್ಲ ರೋಗಾಣುವಲ್ಲ. ರೋಗಿಯಲ್ಲೂ ಸಿಗಬೇಕು.

ನನ್ನ ರೋಗಿಯ ರಕ್ತ ಈಗ ಎಲ್ಲೂ ಇಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉಣುಗನ್ನು ಬರಿಗೈಲಿ ಹೆಕ್ಕಬೇಡ, ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ ಅಂಗೈ ನೋಡು, ಉಣುಗು ಕಚ್ಚಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿಸು ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದಳು.

"ಆಗ ಯಾರೂ ಕೇಳ್ಲಿಲ್ಲ ಮಗಾ" ಅಂದಳು. "ಕೇಳಿದ್ರೆ ಹೇಳ್ತಿದ್ದೆ."